ಬೆಂಕಿಯ ನೀರು, ಬೆಂಕಿಯ ಚಹಾ

ಟಾಂಜಾನಿಯದ ದಾರ್ ಎಸ್ ಸಲಾಮ್ ನಗರಕ್ಕೆ ನಾನು ಕೆಲಸಕ್ಕೆಂದು ಹೋಗಿ ಇಳಿದದ್ದು ಜನವರಿಯ ಕೊನೆಯ ವಾರದಲ್ಲಿ. ಸಮಭಾಜಕ ವೃತ್ತದ ಕೆಳಗಿರುವ ಆ ಕಡಲೂರಿಗೆ ಡಿಸೆಂಬರಿನಿಂದ ಮಾರ್ಚಿಯವರೆಗಿನದೇ ಕಡುಬೇಸಗೆ, ಅಲ್ಲಿನ ಸೆಕೆಯು ನಮ್ಮ ಪುತ್ತೂರಿನ ಏಪ್ರಿಲ್ ತಿಂಗಳ ಸೆಕೆಗೆ ಸರಿಸಾಟಿಯಾದದ್ದು. ಕಚೇರಿಗೆ ಹೋದ ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತಿದ್ದಾಗ, ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಕಲಿತ ನಾಲ್ಕು ಮಾತನ್ನು ಬಳಸಿಯೇ ತೀರಬೇಕೆಂಬ ಹುಮ್ಮಸ್ಸಿನಿಂದ ನಾನು ಪಕ್ಕದ ಮೇಜಿನ ಸಹೋದ್ಯೋಗಿಗೆ ‘ಮಿಮಿ ನಿ ಮೋಟೊ’ ಎಂದೆ. ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸ್ವಲ್ಪವೂ ನಗದೆ ‘ನಿಯಿಟೆ ಝಿಮಾಮೋಟೊ?’ ಎಂದು ಕೇಳಿದರು. ಅಗ್ನಿಶಾಮಕ ದಳದವರನ್ನು ಕರೆಯಲೇ ಎಂಬುದು ಆ ಪ್ರಶ್ನೆಯ ಅರ್ಥವೆಂದು ನನಗೆ ತಿಳಿದದ್ದು, ಇಡೀ ಕೋಣೆ ನಕ್ಕು ಮುಗಿಸಿದ ಮೇಲೆ. ನಾನು ‘ಸೆಕೆಯಾಗುತ್ತಿದೆ’ ಎಂದು ಹೇಳಹೊರಟವನು ‘ನಾನು ಬೆಂಕಿ’ ಎಂದು ಘೋಷಿಸಿಕೊಂಡಿದ್ದೆ.

ತಪ್ಪು ಎಲ್ಲಿ ಆಯಿತೆಂದು ಆ ರಾತ್ರಿ ಯೋಚಿಸಿದಾಗ ಸಿಕ್ಕಿಬಿದ್ದದ್ದು ನನ್ನ ಕೈಯಲ್ಲಿದ್ದ ಇಂಗ್ಲಿಷ್ ಕೈಪಿಡಿ. ಅದರಲ್ಲಿ ‘ಹಾಟ್’ ಎಂಬ ಪದದ ಎದುರಿಗೆ ‘ಮೋಟೊ’ ಎಂದು ಒಂದೇ ಪದವಿತ್ತು. ಇಂಗ್ಲಿಷಿನಲ್ಲಿ ಚಹಾ ಹಾಟ್, ಹವೆ ಹಾಟ್, ಮೆಣಸಿನಕಾಯಿ ಹಾಟ್, ಸೆಕೆಯಲ್ಲಿ ಬೇಯುವ ಮನುಷ್ಯನೂ ಹಾಟ್. ನಾನು ಆ ಒಂದು ಪದದ ಜಾಗದಲ್ಲಿ ಇನ್ನೊಂದನ್ನು ಇಟ್ಟು ಕೈತೊಳೆದುಕೊಂಡಿದ್ದೆ. ಆದರೆ ನನ್ನ ಸ್ವಂತ ಭಾಷೆಯಲ್ಲಿ ನಾನು ಎಂದಾದರೂ ಹಾಗೆ ಮಾತನಾಡಿದ್ದುಂಟೇ? ‘ನಾನು ಬಿಸಿ’ ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಕೇಳಿದವರು ‘ಹಾಗಾದರೆ ಆಮೇಲೆ ಫೋನು ಮಾಡುತ್ತೇನೆ’ ಎಂದಾರು. ಚಹಾ ಬಿಸಿ, ಹವೆಗೆ ಸೆಕೆ, ಮೆಣಸಿಗೆ ಖಾರ, ಮೈಗೆ ಕಾವು ಎಂದು ನಾವು ಒಂದೊಂದಕ್ಕೂ ಒಂದೊಂದು ಮನೆ ಕಟ್ಟಿಕೊಟ್ಟಿದ್ದೇವೆ. ಸ್ವಾಹಿಲಿಯವರೂ ಹೀಗೆಯೇ ಬೇರೆ ಬೇರೆ ಮನೆಗಳನ್ನು ಕಟ್ಟಿದ್ದಾರೆ. ಕನ್ನಡದಿಂದ ನೇರವಾಗಿ ಹೊರಟಿದ್ದರೆ ನಾನು ಎಡವುತ್ತಿರಲಿಲ್ಲ. ನಡುವೆ ಇಂಗ್ಲಿಷಿನ ಮನೆಯೊಳಗೆ ಹೊಕ್ಕು ಬಂದದ್ದರಿಂದ ದಾರಿ ತಪ್ಪಿತು.

‘ಮೋಟೊ’ ಎಂದರೆ ಬೆಂಕಿ. ಅದು ನಾಮಪದ, ಗುಣವಾಚಕವಲ್ಲ. ಅದರ ನಡುವಿನ ವ್ಯಂಜನವು ನಮ್ಮ ಟಕಾರಕ್ಕೂ ತಕಾರಕ್ಕೂ ನಡುವಿನದಾಗಿ ನನ್ನ ಕಿವಿಗೆ ಕೇಳುತ್ತಿತ್ತು. ಬರಹದಲ್ಲಿ ಟಕಾರವನ್ನೇ ಇಟ್ಟುಕೊಂಡಿದ್ದೇನೆ. ಬಿಸಿಯಾದ ವಸ್ತುವನ್ನು ಹೇಳಲು ಸ್ವಾಹಿಲಿಯಲ್ಲಿ ಬೇರೆ ಗುಣವಾಚಕವನ್ನು ಹುಡುಕುವುದಿಲ್ಲ, ಆ ವಸ್ತುವನ್ನು ಬೆಂಕಿಗೆ ಸೇರಿದ್ದೆಂದು ಹೇಳಿಬಿಡುತ್ತಾರೆ. ಮಾಜಿ ಎಂದರೆ ನೀರು. ‘ಮಾಜಿ ಯಾ ಮೋಟೊ’ ಎಂದರೆ ಬೆಂಕಿಯ ನೀರು, ಅಂದರೆ ಬಿಸಿನೀರು. ‘ಚಾಯಿ ಯಾ ಮೋಟೊ’ ಬೆಂಕಿಯ ಚಹಾ. ನಮ್ಮ ಷಷ್ಠೀ ವಿಭಕ್ತಿಯು ‘ಬೆಂಕಿಯ’ ಎಂದು ಮೊದಲೇ ಹೇಳಿ ಆಮೇಲೆ ನೀರನ್ನು ತರುತ್ತದೆ. ಅವರು ನೀರನ್ನು ಮೊದಲು ಮುಂದಿಟ್ಟು, ಅದು ಯಾರ ಪೈಕಿ ಎಂದು ಆಮೇಲೆ ತಿಳಿಸುತ್ತಾರೆ. ಇದು ಕೇಳುವುದಕ್ಕೆ ಕಾವ್ಯದಂತಿದ್ದರೂ ದಿನಬಳಕೆಯಲ್ಲಿ ಅದರೊಳಗಿನ ಬೆಂಕಿಯನ್ನು ಯಾರೂ ನೆನೆಯುವುದಿಲ್ಲ. ಬಿಸಿಲಿನೊಳಗೆ ಒಂದು ಬಿಸಿ ಇದೆಯೆಂದು ನಾವು ಬಟ್ಟೆ ಒಣಗಹಾಕುವಾಗ ನೆನೆಯುತ್ತೇವೆಯೇ?

ಈ ವ್ಯಾಕರಣದ ನಿಜವಾದ ಪಾಠ ನನಗೆ ಆದದ್ದು ಬೀದಿಬದಿಯಲ್ಲಿ. ನಾನಿದ್ದ ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ತಿರುವಿನಲ್ಲಿ ಒಬ್ಬ ಹೆಂಗಸು ಬೆಳಗಿನ ಆರು ಗಂಟೆಗೇ ಇದ್ದಿಲ ಒಲೆ ಹೂಡಿ ಕೂರುತ್ತಿದ್ದರು. ಹೀಗೆ ಬೀದಿಯಲ್ಲಿ ಅಡುಗೆ ಮಾಡಿ ಬಡಿಸುವ ಹೆಂಗಸರನ್ನು ಅಲ್ಲಿ ‘ಮಾಮಾ ನ್ಟಿಲಿಯೆ’ ಎನ್ನುತ್ತಾರೆ. ‘ಅಮ್ಮಾ, ನನಗೂ ಹಾಕಿಕೊಡು’ ಎಂಬ ಗಿರಾಕಿಯ ಕೂಗೇ ಹೆಸರಾಗಿ ನಿಂತುಬಿಟ್ಟಿದೆ. ಅವರನ್ನು ನಾನು ‘ಮಾಮಾ’ ಎನ್ನಬೇಕು, ಅವರು ನನ್ನನ್ನು ಅಣ್ಣತಮ್ಮನೆಂಬ ಅರ್ಥದಲ್ಲಿ ‘ಕಾಕಾ’ ಎನ್ನುತ್ತಿದ್ದರು. ಹುಬ್ಬಳ್ಳಿಯ ಕಡೆಯವರು ಯಾರಾದರೂ ಕೇಳಿಸಿಕೊಂಡಿದ್ದರೆ, ಇಬ್ಬರು ಸೋದರಮಾವ ಚಿಕ್ಕಪ್ಪಂದಿರು ಬೆಳ್ಳಂಬೆಳಗ್ಗೆ ವ್ಯಾಪಾರಕ್ಕೆ ನಿಂತಿದ್ದಾರೆಂದು ತಿಳಿಯುತ್ತಿದ್ದರು.

ಅವರು ಮಾಡುತ್ತಿದ್ದದ್ದು ‘ವಿಟುಂಬುವಾ’. ನೆನೆಸಿದ ಅಕ್ಕಿಯನ್ನು ತೆಂಗಿನ ಹಾಲು, ಸಕ್ಕರೆ, ಏಲಕ್ಕಿಗಳೊಂದಿಗೆ ಅರೆದು, ಹುದುಗು ಬರಿಸಿ, ಗುಳಿಗಳಿರುವ ಕಾವಲಿಯಲ್ಲಿ ಎಣ್ಣೆ ಬಿಟ್ಟು ಹೊಯ್ಯುವ ತಿಂಡಿ. ಮೊದಲ ದಿನ ಆ ಕಾವಲಿಯನ್ನು ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಅದು ನಮ್ಮ ಮನೆಯ ಗುಳಿಯಪ್ಪದ ಕಾವಲಿ, ಬಯಲುಸೀಮೆಯವರ ಪಡ್ಡಿನ ಹಂಚು. ಅವರು ಉದ್ದನೆಯ ಕಡ್ಡಿಯಿಂದ ಒಂದೊಂದರ ಅಂಚನ್ನು ಬಿಡಿಸಿ, ಅರ್ಧ ಬೆಂದ ಅಪ್ಪವನ್ನು ಅದರ ಗುಳಿಯಲ್ಲಿಯೇ ಗಿರ್ರನೆ ತಿರುಗಿಸುವ ರೀತಿಯೂ ನನ್ನ ಅಜ್ಜಿಯದೇ. ನಾನು ಧೈರ್ಯ ಮಾಡಿ ‘ಕಿಟುಂಬುವಾ ಯಾ ಮೋಟೊ’ ಎಂದು ಕೇಳಿದೆ. ಅವರು ಕಡ್ಡಿಯನ್ನು ಅರ್ಧಕ್ಕೆ ನಿಲ್ಲಿಸಿ ‘ಚಾ!’ ಎಂದರು. ಚಹಾ ಬೇಕೇ ಎಂದು ಕೇಳುತ್ತಿದ್ದಾರೆಂದು ಭಾವಿಸಿ ನಾನು ತಲೆಯಾಡಿಸಿದೆ. ಅವರು ಚಹಾದ ಲೋಟವನ್ನೂ ಕೊಟ್ಟು, ಮತ್ತೆ ಕಡ್ಡಿಯ ತುದಿಯಿಂದ ಅಪ್ಪವನ್ನು ತೋರಿಸಿ, ಮಗುವಿಗೆ ಹೇಳಿಕೊಡುವಂತೆ ‘ಕಿಟುಂಬುವಾ ಚಾ ಮೋಟೊ’ ಎಂದರು. ಆಮೇಲೆ ಲೋಟವನ್ನು ತೋರಿಸಿ ‘ಚಾಯಿ ಯಾ ಮೋಟೊ’ ಎಂದರು.

ಸ್ವಾಹಿಲಿಯಲ್ಲಿ ನಾಮಪದಗಳಿಗೆ ಕುಲಗಳಿವೆ. ನಮ್ಮ ಗಂಡು, ಹೆಣ್ಣು, ನಪುಂಸಕಗಳ ಲೆಕ್ಕವಲ್ಲ ಅದು. ಪದದ ಮೊದಲ ಅಕ್ಷರಗಳು ಅದರ ಕುಲವನ್ನು ಹೇಳುತ್ತವೆ, ಆ ಕುಲಕ್ಕೆ ತಕ್ಕಂತೆ ‘ಯ’ ಎಂಬ ನಮ್ಮ ಷಷ್ಠಿಯ ಕೆಲಸ ಮಾಡುವ ಕೊಂಡಿಯ ರೂಪ ಬದಲಾಗುತ್ತದೆ. ಒಂದು ಅಪ್ಪವಾದರೆ ‘ಕಿಟುಂಬುವಾ ಚಾ ಮೋಟೊ’, ಹಲವಾದರೆ ‘ವಿಟುಂಬುವಾ ವ್ಯಾ ಮೋಟೊ’. ಬ್ರೆಡ್ಡಾದರೆ ‘ಮ್ಕಾಟೆ ವಾ ಮೋಟೊ’, ಊಟವಾದರೆ ‘ಚಾಕುಲಾ ಚಾ ಮೋಟೊ’, ಹಲವು ಚಪಾತಿಗಳಾದರೆ ‘ಚಪಾಟಿ ಝಾ ಮೋಟೊ’. ಅರಬ್ಬಿಯಿಂದ ಬಂದ ಕಿತಾಬು ಕೂಡ ಈ ಕಟ್ಟಳೆಗೆ ತಲೆಬಾಗಿ, ಒಂದಾದರೆ ಕಿಟಾಬು, ಹಲವಾದರೆ ವಿಟಾಬು ಆಗಿದೆ. ಬೆಂಕಿ ಮಾತ್ರ ಎಲ್ಲೆಡೆಯೂ ಅದೇ ಬೆಂಕಿ. ಬಿಸಿಯಾಗುವ ವಸ್ತುವೇ ಕೊಂಡಿಯನ್ನು ಆರಿಸಿಕೊಳ್ಳುತ್ತದೆ. ನಮ್ಮ ‘ಬಿಸಿ’ಗೆ ಈ ಕಟ್ಟುಪಾಡಿಲ್ಲ, ಅದು ಯಾವ ಪದದ ಮೊದಲಿಗಾದರೂ ಹೋಗಿ ಅಂಟಿಕೊಳ್ಳುತ್ತದೆ: ಬಿಸಿನೀರು, ಬಿಸಿಯೂಟ, ಬಿಸಿರಕ್ತ. ಆದ್ದರಿಂದ ಕನ್ನಡಿಗನಿಗೆ ಅರ್ಥದ ಮಟ್ಟದಲ್ಲಿ ಸುಲಭವಾದದ್ದು ನಾಲಗೆಯ ಮಟ್ಟದಲ್ಲಿ ಕಷ್ಟ. ನಾನು ಸುಮಾರು ಎರಡು ತಿಂಗಳು ಆ ಒಲೆಯ ಮುಂದೆ ದಿನಕ್ಕೊಂದು ತಪ್ಪು ಮಾಡುತ್ತಾ, ದಿನಕ್ಕೊಂದು ಕೊಂಡಿಯನ್ನು ಕಲಿತೆ. ತಪ್ಪಿದ ದಿನ ಅಪ್ಪ ಕೈಗೆ ಬರುವುದು ತಡವಾಗುತ್ತಿತ್ತು, ಅಷ್ಟೇ ಶಿಕ್ಷೆ.

ಅಂಗಡಿಯಲ್ಲಿ ನೀರಿನ ಬಾಟಲಿ ಕೊಳ್ಳುವಾಗ ಇನ್ನೊಂದು ಸಂಗತಿ ತಿಳಿಯಿತು. ಅಂಗಡಿಯಾತ ‘ಯಾ ಬರೀದಿ ಔ ಯಾ ಮೋಟೊ?’ ಎಂದು ಕೇಳಿದ. ತಣ್ಣನೆಯದೋ ಬಿಸಿಯದೋ ಎಂದರ್ಥ. ಈ ಸೆಕೆಯಲ್ಲಿ ಬಿಸಿನೀರಿನ ಬಾಟಲಿ ಯಾರಿಗೆ ಬೇಕು, ಅದನ್ನು ಇವನು ಎಲ್ಲಿ ಕಾಯಿಸುತ್ತಾನೆ ಎಂದು ನಾನು ಬೆರಗಾಗಿ ನಿಂತಿರುವಾಗ, ಹಿಂದಿದ್ದ ಮುದುಕರೊಬ್ಬರು ‘ಯಾ ಮೋಟೊ’ ಎಂದು ಕೇಳಿ, ಕಪಾಟಿನ ಮೇಲಿಂದ ತೆಗೆದುಕೊಟ್ಟ ಮಾಮೂಲು ಬಾಟಲಿಯನ್ನು ಹಿಡಿದು ಹೋದರು. ಫ್ರಿಜ್ಜಿನಲ್ಲಿ ಇಡದೆ ಇರುವುದೆಲ್ಲವೂ ಅಲ್ಲಿ ‘ಬೆಂಕಿಯದು’. ಸೋಡಾಕ್ಕೂ ಬಿಯರಿಗೂ ಇದೇ ಮಾತು. ಅಂದರೆ ಚಹಾದ ಲೋಟದಲ್ಲಿ ನಾಲಗೆ ಸುಡುವ ಮೋಟೊ ಸೋಡಾ ಬಾಟಲಿಯಲ್ಲಿ ಬರಿದೆ ‘ತಂಪಿಲ್ಲದ್ದು’ ಎಂಬಷ್ಟಕ್ಕೆ ಇಳಿಯುತ್ತದೆ. ಒಂದು ಕುತೂಹಲವೆಂದರೆ, ಎದುರಿಗಿರುವ ‘ಬರೀದಿ’ ಎಂಬುದು ಅರಬ್ಬಿಯಿಂದ ಬಂದ ಪದ, ಮೋಟೊ ಮಾತ್ರ ಸ್ವಾಹಿಲಿಯ ಸ್ವಂತ ಭಾಷಾಕುಟುಂಬವಾದ ಬಾಂಟುವಿನ ಅಚ್ಚ ಮೂಲದ್ದು. ಬಿಸಿ ಮನೆಯದು, ತಂಪು ಕಡಲಾಚೆಯದು. ಇದರಿಂದ ಏನಾದರೂ ಸಿದ್ಧಾಂತ ಕಟ್ಟಲು ನಾನು ಹೊರಡುವುದಿಲ್ಲ, ಆದರೂ ಫೆಬ್ರವರಿಯ ದಾರ್ ಎಸ್ ಸಲಾಮಿನಲ್ಲಿ ನಿಂತು ಯೋಚಿಸಿದರೆ ಅದು ಸರಿಯೆನ್ನಿಸುತ್ತದೆ.

ಇನ್ನು ನಾನು ಮೊದಲ ದಿನ ಹೇಳಬೇಕಿದ್ದ ಮಾತಿಗೆ ಬರುತ್ತೇನೆ. ಹವೆಯ ಬಿಸಿಗೆ ಅಲ್ಲಿ ‘ಜೋಟೊ’ ಎನ್ನುತ್ತಾರೆ. ‘ಲೇವೊ ಕುನಾ ಜೋಟೊ’ ಎಂದರೆ ಇಂದು ಸೆಕೆ ಇದೆ. ‘ನಸಿಕಿಯಾ ಜೋಟೊ’ ಎಂದರೆ ನನಗೆ ಸೆಕೆಯಾಗುತ್ತಿದೆ. ಈ ಎರಡನೆಯ ವಾಕ್ಯವನ್ನು ಬಿಡಿಸಿ ನೋಡಿದರೆ ‘ನಾನು ಸೆಕೆಯನ್ನು ಕೇಳುತ್ತಿದ್ದೇನೆ’ ಎಂದಾಗುತ್ತದೆ, ಏಕೆಂದರೆ ಕಿವಿಯಿಂದ ಕೇಳುವುದಕ್ಕೂ ಮೈಗೆ ತಿಳಿಯುವುದಕ್ಕೂ ಅಲ್ಲಿ ಒಂದೇ ಕ್ರಿಯಾಪದ. ಹಸಿವನ್ನೂ ಚಳಿಯನ್ನೂ ಹೀಗೆಯೇ ಕೇಳಿಸಿಕೊಳ್ಳುತ್ತಾರೆ. ಕೆಲವರು ‘ನವೊನಾ ಜೋಟೊ’ ಎಂದು ಸೆಕೆಯನ್ನು ನೋಡುವುದೂ ಉಂಟು. ಸಾರಿನ ರುಚಿಯನ್ನೂ ಹೂವಿನ ಪರಿಮಳವನ್ನೂ ‘ನೋಡುವ’ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಬಾರದು. ಎರಡೂ ಕಡೆ ಮುಖ್ಯವಾದ ಒಂದು ತಿಳಿವಳಿಕೆ ಸಮಾನವಾಗಿದೆ: ಸೆಕೆಯು ಹೊರಗಿನಿಂದ ಬಂದು ಮನುಷ್ಯನಿಗೆ ತಗಲುವ ಸಂಗತಿಯೇ ಹೊರತು, ಮನುಷ್ಯನೇ ಸೆಕೆಯಲ್ಲ.

ಜೋಟೊ ಎಂಬುದನ್ನು ನಾನು ಸರಿಯಾಗಿ ತಿಳಿದದ್ದು ತಗಡಿನ ಮಾಡಿನ ಕೆಳಗೆ. ನಗರದ ಹೊಸ ಬಡಾವಣೆಗಳೆಲ್ಲ ತಗಡಿನವು. ಆ ತಗಡಿಗೆ ‘ಬಾಟಿ’ ಎನ್ನುತ್ತಾರೆ, ಹಲವಾದರೆ ‘ಮಾಬಾಟಿ’. ಮಧ್ಯಾಹ್ನ ಎರಡು ಗಂಟೆಗೆ ಅದರ ಕೆಳಗೆ ಮಲಗಿದರೆ ತಗಡು ಹಿಗ್ಗುವಾಗ ಆಗುವ ಟಿಕ್ ಟಿಕ್ ಸದ್ದು ಬಿಟ್ಟುಬಿಟ್ಟು ಬರುತ್ತಿರುತ್ತದೆ. ಆಗ ನನಗೆ ಅನ್ನಿಸಿದ್ದು, ಈ ಜನ ಸೆಕೆಯನ್ನು ಕೇಳುತ್ತೇವೆ ಎನ್ನುವುದು ಬರಿಯ ಮಾತಲ್ಲವೆಂದು. ಬಾಸೆಲ್ ಮಿಶನ್ನಿನವರು 19ನೆಯ ಶತಮಾನದಲ್ಲಿ ಆರಂಭಿಸಿದ ಮಂಗಳೂರು ಹಂಚು ಹಡಗೇರಿ ಪೂರ್ವ ಆಫ್ರಿಕಕ್ಕೂ ಹೋಗಿತ್ತೆಂಬುದು ತಿಳಿದಿದ್ದ ನನಗೆ, ಹಂಚಿನ ಹಳೆಯ ಕಟ್ಟಡಗಳ ಮುಂದೆ ಹಾದುಹೋಗುವಾಗಲೆಲ್ಲ ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿತ್ತು. ರೇಡಿಯೊದ ಹವಾ ವರದಿಯಲ್ಲಿ ಉಷ್ಣಾಂಶವನ್ನು ‘ನ್ಯೂಝಿ ಜೋಟೊ 33’ ಎಂದು ಹೇಳುತ್ತಿದ್ದರು. ನ್ಯೂಝಿ ಎಂದರೆ ನೂಲಿನ ಎಳೆಗಳು. ಡಿಗ್ರಿಯನ್ನು ಅವರು ಎಳೆ ಎಂದು ಎಣಿಸುತ್ತಾರೆ. ಸೆಕೆಯ 33 ಎಳೆಗಳು. ಗಾಳಿಯಿಲ್ಲದ ಮಧ್ಯಾಹ್ನ ಆ ಎಳೆಗಳೆಲ್ಲ ಕಂಬಳಿಯಾಗಿ ಮೈಮೇಲೆ ಬೀಳುವುದನ್ನು ನಾನು ಅನುಭವಿಸಿದ್ದೇನೆ.

ಮೋಟೊ, ಜೋಟೊಗಳ ಪ್ರಾಸ ಆಕಸ್ಮಿಕವಲ್ಲ. ಮಕಾರ, ಜಕಾರಗಳು ಮುಂದೆ ಅಂಟಿದ ಕುಲದ ಗುರುತುಗಳು. ಅವನ್ನು ತೆಗೆದರೆ ಉಳಿಯುವುದು ‘ಓಟೊ’ ಎಂಬ ಒಂದೇ ಬೇರು. ಚಳಿ ಕಾಯಿಸುವುದಕ್ಕೆ, ಬಿಸಿಲು ಕಾಯಿಸುವುದಕ್ಕೆ ಇರುವ ‘ಕುಓಟಾ’ ಎಂಬ ಕ್ರಿಯಾಪದವೂ ಅದೇ ಮನೆಯದು. ನಮ್ಮಲ್ಲಿ ಬೇಯು, ಬೆಂದ, ಬೆಂಕಿ ಒಂದೇ ಒಲೆಯ ಸುತ್ತ ಕುಳಿತಿರುವಂತೆ, ಕಾಯು, ಕಾವು, ಕಾಯಿಸುಗಳು ಇನ್ನೊಂದು ಒಲೆಯ ಸುತ್ತ ಇರುವಂತೆ, ಅವರದೂ ಒಂದು ಒಲೆ. ಮತ್ತೂ ಒಂದು ತಮಾಷೆ ಇದೆ. ಕುಓಟಾ ಎಂದರೆ ಚಳಿ ಕಾಯಿಸುವುದು ಮಾತ್ರವಲ್ಲ, ಕನಸು ಕಾಣುವುದೂ ಹೌದು. ನಾವಾದರೋ ‘ಕಾದೆ’ ಎಂಬ ಒಂದೇ ಪದದಲ್ಲಿ ಬಸ್ಸಿಗೂ ಕಾಯುತ್ತೇವೆ, ಒಲೆಯ ಮೇಲಿನ ನೀರನ್ನೂ ಕಾಯಿಸುತ್ತೇವೆ. ಬಸ್ಸಿಗೆ ಬಿಸಿಲಿನಲ್ಲಿ ಕಾದವನು ಎರಡು ಅರ್ಥದಲ್ಲಿಯೂ ಕಾದಿರುತ್ತಾನೆ.

ಬಿಸಿಲಿನ ಮಾತು ಬಂದರೆ ಮೂರನೆಯ ಪದವನ್ನು ತರಬೇಕು. ಸೂರ್ಯನನ್ನು ಅಲ್ಲಿ ಮೋಟೊ ಎನ್ನುವುದಿಲ್ಲ, ‘ಕಾಲಿ’ ಎನ್ನುತ್ತಾರೆ. ಹರಿತ, ಉಗ್ರ, ಕಠಿಣ ಎಂಬೆಲ್ಲ ಅರ್ಥಗಳು ಅದರಲ್ಲಿ ಸೇರಿವೆ. ಕಚ್ಚುವ ನಾಯಿ ಕಾಲಿ, ಬೆತ್ತ ಹಿಡಿದ ಮೇಷ್ಟ್ರು ಕಾಲಿ, ಹರಿತವಾದ ಚೂರಿ ಕಾಲಿ, ತಲೆಗೇರುವ ಔಷಧ ಕಾಲಿ, ನಡುಮಧ್ಯಾಹ್ನದ ಬಿಸಿಲೂ ಕಾಲಿ. ನಾವು ‘ಉರಿಬಿಸಿಲು’ ಎನ್ನುವಲ್ಲಿ ಅವರು ‘ಜುವಾ ಕಾಲಿ’ ಎನ್ನುತ್ತಾರೆ, ಉಗ್ರ ಸೂರ್ಯ ಎಂದು. ನೆರೆಯ ಕೀನ್ಯಾದಲ್ಲಿ ಈ ಜೋಡಿಪದ ಹವೆಯನ್ನು ದಾಟಿ ಅರ್ಥವ್ಯವಸ್ಥೆಗೆ ಹೋಗಿದೆ. ನೈರೋಬಿಯ ಕಾಮುಕುಂಜಿಯಂಥ ಕಡೆಗಳಲ್ಲಿ ಮಾಡಿನ ನೆರಳೂ ಇಲ್ಲದೆ ಬಯಲಿನಲ್ಲಿ ಕುಳಿತು ತಗಡು ಬಡಿದು ಟ್ರಂಕು, ಒಲೆ, ಬಾಣಲೆಗಳನ್ನು ಮಾಡುವ ಕಸುಬುದಾರರನ್ನು ಜುವಾ ಕಾಲಿ ಎಂದು ಕರೆದು, ಕ್ರಮೇಣ ನೋಂದಣಿಯಿಲ್ಲದ ಸಣ್ಣ ಉದ್ಯೋಗಗಳೆಲ್ಲಕ್ಕೂ ಅದೇ ಹೆಸರಾಗಿ, ಸರಕಾರಿ ಕಡತಗಳಿಗೂ ಅದು ಏರಿತು. 1972ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಕೀನ್ಯಾದ ಬಗ್ಗೆ ಹೊರತಂದ ವರದಿಯಿಂದಾಗಿ ‘ಅನೌಪಚಾರಿಕ ವಲಯ’ ಎಂಬ ಒಣ ಪದ ಜಗತ್ತಿನಲ್ಲೆಲ್ಲ ಬಳಕೆಗೆ ಬಂತು. ಆ ವಲಯದಲ್ಲಿ ಬೆವರು ಸುರಿಸುವವರು ತಮಗೆ ಇಟ್ಟುಕೊಂಡ ಹೆಸರಿನಲ್ಲಿ ಕನಿಷ್ಠ ಪಕ್ಷ ಬಿಸಿಲಾದರೂ ಇದೆ.

ಮೆಣಸಿನಕಾಯಿಯೂ ಕಾಲಿಯೇ. ‘ಪಿಲಿಪಿಲಿ ಕಾಲಿ’ ಎಂದರೆ ಖಾರದ ಮೆಣಸು. ಮೊದಲು ನಾನು ಇಂಗ್ಲಿಷಿನ ಚಾಳಿಯಲ್ಲಿ ಸಾರು ‘ಮೋಟೊ’ ಎಂದು ದೂರಿದಾಗ ಹೋಟೆಲಿನಾತ ಬಟ್ಟಲನ್ನು ಒಯ್ದು, ಐದು ನಿಮಿಷ ಆರಿಸಿ, ಅಷ್ಟೇ ಖಾರವಾಗಿ ಮರಳಿ ತಂದಿಟ್ಟಿದ್ದ. ಹೇಳಬೇಕಿದ್ದದ್ದು ‘ಇನವಾಶಾ’ ಎಂದು. ಕುವಾಶಾ ಎಂದರೆ ಹೊತ್ತಿಸುವುದು, ದೀಪವನ್ನೋ ಒಲೆಯನ್ನೋ; ತುರಿಸುವುದಕ್ಕೂ ಉರಿಸುವುದಕ್ಕೂ ಅದೇ ಪದ. ‘ಬಾಯಿ ಉರಿಯುತ್ತಿದೆ’ ಎಂದು ಕನ್ನಡದಲ್ಲಿ ಯೋಚಿಸಿದ್ದರೆ ಸೀದಾ ಅದರ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದೆ. ಇದೇ ಕ್ರಿಯಾಪದವನ್ನಿಟ್ಟು ಒಂದು ಗಾದೆ ಇದೆ: ‘ಪಿಲಿಪಿಲಿ ಉಸಿಯೋಯಿಲಾ ಯಕುವಾಶಿಯಾನಿ?’ ನೀನು ತಿನ್ನದ ಮೆಣಸಿನಕಾಯಿ ನಿನ್ನನ್ನು ಉರಿಸುವುದೇತಕ್ಕೆ? ತನಗೆ ಸಂಬಂಧವಿಲ್ಲದ ವಿಷಯಕ್ಕೆ ಕುದಿಯುವವರಿಗೆ ಹೇಳುವ ಮಾತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೂ ಇದು ಒಪ್ಪೀತು, ಆದರೆ ಮೆಣಸಿನ ಗಾದೆಗೆ ಹೆಚ್ಚು ಚುರುಕಿದೆಯೆಂದು ನಾನು ಒಪ್ಪಿಕೊಳ್ಳುತ್ತೇನೆ.

ಮೇ ತಿಂಗಳ ಮಳೆಯಲ್ಲಿ ನನಗೆ ಜ್ವರ ಬಂತು. ಮನೆಯ ಒಡತಿ, ಎಪ್ಪತ್ತರ ಹತ್ತಿರದ ಹೆಂಗಸು, ನಾನು ಎರಡು ದಿನ ಹೊರಗೆ ಕಾಣದ್ದರಿಂದ ಬಾಗಿಲು ತಟ್ಟಿ ಒಳಬಂದು ಹಣೆಯ ಮೇಲೆ ಕೈಯಿಟ್ಟರು. ಅಂಗೈಯಲ್ಲ, ನಮ್ಮ ಅಮ್ಮಂದಿರು ಮಾಡುವಂತೆ ಕೈಯ ಹಿಂಬದಿಯನ್ನು. ‘ಮ್ವಿಲಿ ಉನಚೆಮ್ಕಾ’ ಎಂದರು. ಮೈ ಕುದಿಯುತ್ತಿದೆ ಎಂದು. ಅರ್ಧ ಗಂಟೆಯಲ್ಲಿ ಅವರೊಂದು ಲೋಟ ‘ಊಜಿ’ ತಂದರು. ಅದು ಹಿಟ್ಟನ್ನು ಕದಡಿ ಕುದಿಸಿದ ಅಂಬಲಿ, ಹಿಟ್ಟು ‘ಉಲೇಝಿ’ಯದು. ಕುಡಿಯುವ ಮುಂಚೆಯೇ ಬಣ್ಣದಿಂದ ತಿಳಿಯಿತು, ಉಲೇಝಿ ಎಂದರೆ ರಾಗಿ. ರಾಗಿಯ ಮೂಲ ಪೂರ್ವ ಆಫ್ರಿಕದ ಎತ್ತರದ ನೆಲವೆಂದು ಶಾಲೆಯಲ್ಲಿ ಓದಿದ್ದ ಸಂಗತಿ ಅಂದು ಗಂಟಲಿನಲ್ಲಿ ಇಳಿಯಿತು. ನಾನು ಲೋಟವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿಯಹೊರಟಾಗ ಅವರು, ಅದು ಮೋಟೊ ಅಲ್ಲ, ‘ವುಗುವುಗು’ ಎಂದರು. ಉಗುರುಬೆಚ್ಚಗೆ ಎಂಬುದಕ್ಕೆ ಅವರ ಪದ ಅದು. ನಾವು ಉಗುರಿನಿಂದ ಅಳೆಯುವ ಬಿಸಿಯನ್ನು ಅವರು ಸದ್ದಿನಿಂದ ಹೇಳುತ್ತಾರೆ. ಅದನ್ನು ಉಚ್ಚರಿಸಿದರೆ ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಏಳಲು ಅಣಿಯಾದಂತೆ ನನಗೆ ಕೇಳಿಸುತ್ತದೆ. ಪತ್ರಿಕೆಗಳಲ್ಲಿ ರಾಜಕೀಯ ಚಳವಳಿಗೂ ವುಗುವುಗು ಎಂದು ಬರೆಯುವುದನ್ನು ಮುಂದೆ ಕಂಡೆ. ಇನ್ನೂ ಕುದಿ ಬಾರದ, ಆದರೆ ತಣ್ಣಗೂ ಉಳಿಯದ ಸ್ಥಿತಿಗೆ ಇದಕ್ಕಿಂತ ಒಳ್ಳೆಯ ಪದ ನನಗೆ ತಿಳಿಯದು. ಬಿಸಿಬಿಸಿ ಸುದ್ದಿಗೆ ಮಾತ್ರ ನಮ್ಮಂತೆಯೇ ಪದವನ್ನು ಇಮ್ಮಡಿಸಿ ‘ಹಬಾರಿ ಮೋಟೊಮೋಟೊ’ ಎನ್ನುತ್ತಾರೆ. ಎದುರು ಹಾಕಿಕೊಳ್ಳಲಾಗದ ಗಟ್ಟಿ ಮನುಷ್ಯರಿಗೆ ‘ಮೋಟೊ ವಾ ಕುಓಟೆಯಾ ಮ್ಬಾಲಿ’ ಎಂಬ ಹೆಸರಿದೆ, ದೂರದಿಂದಲೇ ಕಾಯಿಸಿಕೊಳ್ಳಬೇಕಾದ ಬೆಂಕಿ ಎಂದು. ನಮ್ಮ ಕಚೇರಿಯಲ್ಲಿ ಅಂಥ ಒಬ್ಬರಿದ್ದರು. ಅವರ ಕೋಣೆಗೆ ಹೋಗಿಬಂದವರನ್ನು ಎಲ್ಲರೂ ಸುಟ್ಟ ಗಾಯ ಹುಡುಕುವಂತೆ ನೋಡುತ್ತಿದ್ದರು.

ಇಷ್ಟೆಲ್ಲ ಆದಮೇಲೆ ನನ್ನ ಕೈಪಿಡಿಯ ಮೇಲಿನ ಸಿಟ್ಟು ಇಳಿಯಲಿಲ್ಲವಾದರೂ, ಅದರ ಹಿಂದಿನ ಚರಿತ್ರೆ ತಿಳಿಯುವ ಆಸೆ ಹುಟ್ಟಿತು. ಸ್ವಾಹಿಲಿಯ ಮೊದಲ ದೊಡ್ಡ ನಿಘಂಟುಗಳಲ್ಲಿ ಒಂದನ್ನು ಮಾಡಿದವನು ಯೋಹಾನ್ ಲುಡ್ವಿಗ್ ಕ್ರಾಫ್, ಮೊಂಬಾಸಾದ ಹತ್ತಿರದ ರಬಾಯಿಯಲ್ಲಿದ್ದ ಜರ್ಮನ್ ಮಿಶನರಿ. ಅವನ ಸ್ವಾಹಿಲಿ-ಇಂಗ್ಲಿಷ್ ನಿಘಂಟು ಅವನು ತೀರಿಕೊಂಡ ಮರುವರ್ಷ, 1882ರಲ್ಲಿ ಅಚ್ಚಾಯಿತು. ಅವನು ಕಲಿತದ್ದು ಬಾಸೆಲ್ ಮಿಶನ್ನಿನ ಶಾಲೆಯಲ್ಲಿ. ಅದೇ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಹೊರಬಂತು. ಕ್ರಾಫ್ ಹುಟ್ಟಿದ ಡೆರೆಂಡಿಂಗೆನ್ ಎಂಬ ಹಳ್ಳಿ ಟ್ಯೂಬಿಂಗೆನ್ ಪಟ್ಟಣದ ಮಗ್ಗುಲಿನದು. ಕಿಟೆಲ್ 1903ರಲ್ಲಿ ಕಣ್ಣು ಮುಚ್ಚಿದ್ದು ಅದೇ ಟ್ಯೂಬಿಂಗೆನ್ನಿನಲ್ಲಿ. ಹಿಂದೂ ಮಹಾಸಾಗರದ ಎರಡು ದಡಗಳ ಎರಡು ಭಾಷೆಗಳು ಹೀಗೆ ಒಂದೇ ಗರಡಿಯ ಇಬ್ಬರು ಜರ್ಮನರ ಕೈಯಲ್ಲಿ, ಇಬ್ಬರಿಗೂ ತಾಯ್ನುಡಿಯಲ್ಲದ ಇಂಗ್ಲಿಷಿನ ಎದುರು ಸಾಲಾಗಿ ನಿಂತವು. ಅವರ ಶ್ರಮದ ಮುಂದೆ ನಾನು ತಲೆಬಾಗುತ್ತೇನೆ. ಕಿಟೆಲ್ ಇಲ್ಲದೆ ನನ್ನಂಥವನ ಓದು ಸಾಗುವುದೇ ಇಲ್ಲ. ಆದರೂ ಮೋಟೊ ಮತ್ತು ಬಿಸಿ ಎಂದಾದರೂ ಸಂಧಿಸಬೇಕಾದರೆ ಇಂಗ್ಲಿಷಿನ ಜಗಲಿಯ ಮೇಲೆಯೇ ಸಂಧಿಸಬೇಕಾಗಿ ಬಂದದ್ದು ನಮ್ಮಿಬ್ಬರ ಪಾಡು. ಪೈಸೆ ಅಲ್ಲಿಗೆ ಹೋಗಿ ‘ಪೆಸಾ’ ಆಗಿ, ದುಕಾನು ‘ದುಕಾ’ ಆಗಿ, ಗಾಡಿ ‘ಗಾರಿ’ ಆಗಿ ನೆಲೆಸಿರುವಾಗ, ವ್ಯಾಪಾರಿಗಳು ಯಾವ ಕೈಪಿಡಿಯೂ ಇಲ್ಲದೆ ನೇರವಾಗಿ ಮಾತಾಡಿಕೊಂಡಿದ್ದರೆಂಬುದು ಸ್ಪಷ್ಟ.

ತಪ್ಪು ಅನುವಾದ ನನ್ನೊಬ್ಬನ ಸೊತ್ತಲ್ಲವೆಂದು ತಿಳಿದದ್ದು ಕಿಲಿಮಂಜಾರೊದ ಬುಡದಲ್ಲಿ. ಮೋಶಿ ಪಟ್ಟಣದಿಂದ ಬೋಮಾ ಎನ್ಗೊಂಬೆಯ ಕಡೆಗೆ ಹೋಗಿ, ಧೂಳಿನ ದಾರಿಯಲ್ಲಿ ಒಳಕ್ಕೆ ಇಳಿದರೆ, ಅತ್ತಿಯ ಜಾತಿಯ ದೊಡ್ಡ ಮರಗಳ ಬೇರುಗಳ ನಡುವೆ ನೀಲಿಹಸಿರು ನೀರಿನ ಒಂದು ಮಡು ಇದೆ. ಅದರ ಹೆಸರು ಚೆಮ್ಕಾ. ಪ್ರವಾಸಿಗಳಿಗಾಗಿ ಇಂಗ್ಲಿಷಿನಲ್ಲಿ ಅದನ್ನು ಬಿಸಿನೀರಿನ ಬುಗ್ಗೆ ಎಂದೇ ಕರೆಯುತ್ತಾರೆ, ಸ್ವಾಹಿಲಿಯಲ್ಲಿಯೂ ಮಾಜಿ ಮೋಟೊ ಎನ್ನುವವರಿದ್ದಾರೆ. ನಮ್ಮ ಪುತ್ತೂರು ಸೀಮೆಯ ಇರ್ದೆಯಲ್ಲಿ, ತುಳುವಿನ ಬಿಸಿಯನ್ನು ಹೆಸರಿನಲ್ಲಿ ಹೊತ್ತ ಬೆಂದ್ರುತೀರ್ಥವನ್ನು ಚಿಕ್ಕಂದಿನಿಂದ ಕಂಡಿದ್ದ ನಾನು, ಆ ನೆನಪಿನಲ್ಲಿ ಮೊದಲು ಹೆಬ್ಬೆರಳನ್ನಷ್ಟೇ ಅದ್ದಿದೆ. ನೀರು ಬಿಸಿಯಿರಲೇ ಇಲ್ಲ. ಕಾಲಿಟ್ಟರೆ ಹಿತವಾಗಿ ತಂಪು. ಚೆಮ್ಕಾ ಎಂದರೆ ಕುದಿ, ನಿಜ. ಆದರೆ ಚಿಲುಮೆಗೆ ‘ಚೆಮ್‌ಚೆಮಿ’ ಎನ್ನುತ್ತಾರೆ, ಒಳಗಿನಿಂದ ಬುಗುಬುಗು ಎಂದು ಉಕ್ಕಿ ಬರುವುದೇ ಅಲ್ಲಿಯ ಭಾವ. ಕುದಿಯುವಂತೆ ಉಕ್ಕುತ್ತದೆ ಎಂದವರ ಮಾತನ್ನು ಯಾರೋ ಕುದಿಯುತ್ತಿದೆ ಎಂದೇ ಹಿಡಿದುಕೊಂಡರೆಂದು ನನ್ನ ಊಹೆ. ಬಂದ ಪ್ರವಾಸಿಗಳೆಲ್ಲ ನನ್ನಂತೆಯೇ ಹೆಬ್ಬೆರಳು ಅದ್ದಿ, ಹುಬ್ಬೇರಿಸಿ, ಆಮೇಲೆ ಧುಮುಕುತ್ತಿದ್ದರು.

ಊರಿಗೆ ಮರಳಿ ಕೆಲವು ವರ್ಷಗಳಾದ ಮೇಲೆ, ಅಗ್ನಿಶಾಮಕ ದಳವನ್ನು ಕರೆಯಲೇ ಎಂದು ಕೇಳಿದ್ದ ಆ ಸಹೋದ್ಯೋಗಿ ಕಚೇರಿಯ ಕೆಲಸದ ಮೇಲೆ ಬೆಂಗಳೂರಿಗೆ ಬಂದರು. ಬರುವ ಮುಂಚೆ ಫೋನಿನಲ್ಲಿ ಹತ್ತಾರು ಕನ್ನಡ ಪದಗಳನ್ನು ಕೇಳಿ ಬರೆದುಕೊಂಡಿದ್ದರು. ನೀರಿಗೆ ಏನೆನ್ನುತ್ತೀರಿ ಎಂದರು, ಹೇಳಿದೆ. ಮೋಟೊ ಎಂಬುದಕ್ಕೆ ಏನೆನ್ನುತ್ತೀರಿ ಎಂದರು. ಹಿಂದುಮುಂದು ನೋಡದೆ ‘ಬಿಸಿ’ ಎಂದೆ. ಬಂದ ದಿನ ಸಂಜೆ ಜಯನಗರದ ಒಂದು ದರ್ಶಿನಿಯಲ್ಲಿ ನಾವಿಬ್ಬರೂ ದೋಸೆಗೆ ನಿಂತಿದ್ದೆವು. ನಾನು ಟೋಕನ್ನಿಗೆ ಹೋಗಿದ್ದಾಗ ಹುಡುಗನೊಬ್ಬ ಅವರ ಬಳಿ ಬಂದು, ನೀರು ಬಿಸಿಯೋ ನಾರ್ಮಲ್ಲೋ ಎಂದು ಕೇಳಿದನಂತೆ. ಐಸಿನ ನೀರು ಗಂಟಲಿಗೆ ಆಗದ ಅವರು ಗೊತ್ತಿದ್ದ ಪದ ಕಿವಿಗೆ ಬಿದ್ದ ಸಂತೋಷದಲ್ಲಿ, ‘ಬಿಸಿ, ಬಿಸಿ’ ಎಂದು ಎರಡು ಸಲ ಹೇಳಿದ್ದರು. ಇಮ್ಮಡಿಸಿದ್ದರಿಂದ ಹುಡುಗ ಹಬೆಯಾಡುವ ನೀರನ್ನೇ ತಂದಿಟ್ಟಿದ್ದ. ನಾನು ತಟ್ಟೆಗಳನ್ನು ಹಿಡಿದು ಮರಳಿದಾಗ ಅವರು ಸ್ಟೀಲಿನ ಲೋಟವನ್ನು ತೋಳುದ್ದ ದೂರದಲ್ಲಿ ಹಿಡಿದು, ನಾಲಗೆಯ ತುದಿಯನ್ನು ಹಲ್ಲಿನಿಂದ ಒತ್ತಿಕೊಂಡು ನಿಂತಿದ್ದರು. ‘ಪೋಲೆ ಸಾನಾ’ ಎಂದು ನಾನು ಹೇಳಿದೆ, ಪಾಪ ಹೀಗಾಯಿತಲ್ಲ ಎಂಬುದಕ್ಕೆ ಅಲ್ಲಿನವರು ಹೇಳುವ ಮಾತದು. ಅವರು ಲೋಟವನ್ನು ಕೆಳಗಿಟ್ಟು, ಸುತ್ತಲೂ ನೋಡಿ, ಸ್ವಲ್ಪವೂ ನಗದೆ, ಇಲ್ಲಿಯ ಝಿಮಾಮೋಟೊದ ನಂಬರು ಎಷ್ಟು ಎಂದು ಕೇಳಿದರು.